ಇಲ್ಲವೆನ್ನದ ಮನೆಯ ಪಂಪು

"ಚಲೋ ಎಣ್ಣಿ ಕೊಡಸ್ರಿ ಮೇಡಮ್ರೀ. ಮತ್ತೇನೂ ಬ್ಯಾಡ."

ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ತಾಲ್ಲೂಕುಗಳಲ್ಲಿ ನಾನು ಯಾವ ಹೊಲಕ್ಕೆ ಹೋದರೂ ಸಿಕ್ಕಿದ್ದು ಇದೊಂದೇ ಉತ್ತರ. ನಮ್ಮ ಕಡೆ ಎಣ್ಣಿ ಎಂದರೆ ಅಡುಗೆಯದ್ದಲ್ಲ, ಬೆಳೆಗೆ ಹೊಡೆಯುವ ಔಷಧ. ತರಕಾರಿ ಬೆಳೆಯುವವರಿಗೆ ಹುಳ ಮತ್ತು ರೋಗದ ಹತೋಟಿಗೆ ಏನು ಬೇಕು ಎಂದು ಅವರನ್ನೇ ಕೇಳಿ ಬರುವುದು ನನ್ನ ಕೆಲಸವಾಗಿತ್ತು. ನಾನು ತಂದ ವರದಿಯ ಮೇಲೆ ನಮ್ಮ ಸಂಸ್ಥೆ ಯಾವ ಊರಿಗೆ ಯಾವ ನೆರವು ಎಂದು ನಿರ್ಧರಿಸುತ್ತಿತ್ತು. ಎಲ್ಲರೂ ಎಣ್ಣಿಯನ್ನೇ ಕೇಳುವುದಾದರೆ ನನ್ನನ್ನು ಸ್ಕೂಟರಿನ ಮೇಲೆ ಬಿಸಿಲಿಗೆ ಓಡಿಸುವ ಬದಲು ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ನನ್ನನ್ನು ಬ್ಯಾಡಗಿ ಅಲ್ಲ, ಗುಂಟೂರು ಮೆಣಸಿನಕಾಯಿ ಎನ್ನುತ್ತಾರೆ.

ಹಾಗಾಗಿ ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ಪ್ರಶ್ನೆ ಕೇಳುವುದು ಬಿಟ್ಟು, ಬೆಳೆಗಾರರ ಜೊತೆ ಹೊಲವನ್ನು ಒಂದು ಸುತ್ತು ಹಾಕತೊಡಗಿದೆ. ಎಲೆ ಮಗುಚಿ ನೋಡುವುದು, ಕಾಯಿ ಸೀಳಿ ನೋಡುವುದು, ಬೇರು ಕಿತ್ತು ನೋಡುವುದು, ಕೊನೆಗೆ ಬದುವಿನ ಮೇಲೆ ಕೂತು ಮಾತು. ಲಿಂಗಸುಗೂರಿನ ಕಡೆ ಬೋರ್‌ವೆಲ್ ನೀರಿನ ಬೆಂಡೆ ಹೊಲದಲ್ಲಿ ಎಲೆಯ ನರಗಳೆಲ್ಲ ಹಳದಿಯಾಗಿದ್ದವು. ಎಲೆ ಮಗುಚಿದರೆ ಬಿಳಿ ನೊಣ ಹಿಟ್ಟು ಚೆಲ್ಲಿದಂತೆ ಎದ್ದವು. ಅದು ಖಂಡಿತ ವೈರಸ್. ಆ ರೈತ ಒಂದೇ ಟ್ಯಾಂಕಿಗೆ ಸಿಕ್ಕ ಸಿಕ್ಕ ಬಾಟಲಿಗಳನ್ನೆಲ್ಲ ಸುರಿದು ಹೊಡೆಯುತ್ತಿದ್ದ. ಅವನಿಗೆ ಬೇಕಿದ್ದುದು ರೋಗ ತಡೆಯುವ ತಳಿಯ ಬೀಜ ಮತ್ತು ನೊಣ ಹಿಡಿಯುವ ಹಳದಿ ಅಂಟು ಹಾಳೆ. ಮಸ್ಕಿಯ ಕಡೆ ಬದನೆಯ ಕುಡಿಗಳು ಬಾಡಿ ಜೋತುಬಿದ್ದಿದ್ದವು. ಕುಡಿ ಸೀಳಿದರೆ ಒಳಗೆ ಹುಳ. ಬಾಡಿದ ಕುಡಿ ಚಿವುಟಿ ಸುಟ್ಟು, ಪತಂಗ ಹಿಡಿಯುವ ಬಲೆ ಕಟ್ಟಿದರೆ ಅರ್ಧ ಕೆಲಸ ಆಗುತ್ತಿತ್ತು. ಇವೆರಡು ಭಾಗಗಳ ವರದಿ ಸಲೀಸಾಗಿ ಆಯಿತು.

ತೊಡಕಿದ್ದುದು ಸಿಂಧನೂರಿನ ಕಾಲುವೆ ಭಾಗದಲ್ಲಿ. ಗೊರೇಬಾಳ ದಾಟಿ ಕಾಲುವೆ ಹಿಡಿದು ಹೋದರೆ ಎರಡೂ ಕಡೆ ಭತ್ತದ ಗದ್ದೆಗಳು, ಇಲ್ಲಿಯವರ ಮಾತಿನಲ್ಲಿ ನೆಲ್ಲು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಎತ್ತರದ ನೆಲದ ಪಟ್ಟಿಯಲ್ಲಿ ಟೊಮೆಟೊ, ಬದನೆ, ಅಲಸಂದಿ. ಅಲ್ಲಿ ಕೇಳಿದವರೆಲ್ಲ ಹೇಳಿದ್ದು ಒಂದೇ ರೋಗ, ಮುಟುರು. ಎಲೆ ಮುದುಡುವ ವೈರಸ್ಸಿಗೆ ಅವರು ಇಟ್ಟ ಹೆಸರು ಅದು.

ಅಂಥ ಒಂದು ಪಟ್ಟಿಯಲ್ಲಿ ಟೊಮೆಟೊ ಗಿಡವನ್ನು ಬುಡಸಮೇತ ಕೀಳಲು ಕೂತಿದ್ದ ಹೆಂಗಸನ್ನು ಕಂಡೆ. ನನಗಿಂತ ಹಿರಿಯಳು, ಹಾಗಾಗಿ ಅಕ್ಕ ಎಂದೇ ಕರೆದೆ. ಗಂಡ ಕುರಿ ಹಿಂದೆ ಊರೂರು ತಿರುಗುವವನು. ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದವಳು ಅದನ್ನು ಬಿಟ್ಟು, ಊರಿನ ದೊಡ್ಡ ಹೊಲದವರ ಈ ಪಟ್ಟಿಯನ್ನು ಪಾಲಿಗೆ ಹಿಡಿದು ತರಕಾರಿ ಬೆಳೆಯುತ್ತಿದ್ದಳು. ಬೆಳೆದದ್ದನ್ನು ತಾನೇ ಸಿಂಧನೂರಿನ ಸಂತೆಗೆ ಒಯ್ದು ಮಾರುತ್ತಿದ್ದಳು.

"ಹ್ವಾದ ವರ್ಷನೂ ಹಿಂಗ ಆತ್ರಿ," ಅಂದಳು. "ಈ ಸಲಾನೂ ಹೋದ್ರ ಪಟ್ಟಿ ಬಿಡು, ಕಾಲುವ್ಯಾಗ ಎರಡನೇ ಬೆಳಿಗೆ ನೀರು ಬಿಟ್ಟ ಕೂಡ್ಲೆ ನೆಲ್ಲು ಹಚ್ಚತೀನಿ ಅಂದಾರ ಧಣಿ. ಅವರದೂ ತಪ್ಪಿಲ್ಲ ಬಿಡ್ರಿ. ಎಷ್ಟಂತ ಕಾಯ್ತಾರ?"

"ಬಿಟ್ರ ನೀ ಏನ ಮಾಡ್ತಿ ಅಕ್ಕಾ?"

"ಏನ ಮಾಡ್ಲಿ, ಮತ್ತ ಮಂದಿ ಗದ್ಯಾಗ ಬಗ್ಗಿ ನಿಲ್ಲೋದು. ಇಲ್ಲಿ ಯಾವಾಗ ಬಗ್ಗಬೇಕು, ಯಾವಾಗ ಕುಂಡ್ರಬೇಕು ಅನ್ನೋದು ನನ್ನ ಕೈಯಾಗ ಐತ್ರಿ. ಅಷ್ಟ ಸುಖ."

ಆ ಮಾತು ನನಗೆ ನಾಟಿತು. ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಂತವರ ಸೊಂಟ ಏನಾಗುತ್ತದೆ ಎಂದು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಕೀಳುವುದನ್ನು ಸ್ವಲ್ಪ ನಿಲ್ಲಿಸು ಎಂದು ಅವಳ ಕೈ ಹಿಡಿದೆ. ಅವಳ ಪಕ್ಕ ಕೂತು ಒಂದು ಗಿಡವನ್ನು ಹತ್ತಿರಕ್ಕೆ ಎಳೆದು ನೋಡಿದೆ.

ಎಲೆಗಳು ದಾರದಂತೆ ಸಪೂರವಾಗಿದ್ದವು. ಕಾಂಡ ತಿರುಚಿಕೊಂಡಿತ್ತು. ತೊಟ್ಟುಗಳೆಲ್ಲ ಕೆಳಮುಖ. ಮೊದಲ ನೋಟಕ್ಕೆ ನಾನೂ ವೈರಸ್ಸೇ ಎಂದುಕೊಂಡೆ. ಆದರೆ ಭೂತಗನ್ನಡಿ ಹಿಡಿದು ಎಲೆಯ ಹಿಂಬದಿ ನೋಡುತ್ತ ಹೋದರೆ ಬಿಳಿ ನೊಣ ಕಾಣಲೇ ಇಲ್ಲ. ಬದುವಿನ ಅಲಸಂದಿ ಬಳ್ಳಿಯೂ ಹಾಗೇ ತಿರುಚಿತ್ತು. ಟೊಮೆಟೊದ ವೈರಸ್ಸು ಅಲಸಂದಿಗೂ ಅದೇ ವಾರ, ಅದೇ ರೂಪದಲ್ಲಿ ಬರುವುದೆಂದರೆ ನನಗೆ ನಂಬಿಕೆಯಾಗಲಿಲ್ಲ. ಗುಡಿಸಲ ಪಕ್ಕ ಪಾತ್ರೆ ತೊಳೆಯುವ ಜಾಗದಲ್ಲಿ ಒಂದು ಟೊಮೆಟೊ ಗಿಡ ಇತ್ತು. ಅದು ಮಾತ್ರ ನೆಟ್ಟಗೆ, ಅಗಲ ಎಲೆಯ ತುಂಬ ಕಾಯಿ ಹೊತ್ತು ನಿಂತಿತ್ತು.

"ಇದಕ್ಕ ಯಾವ ಎಣ್ಣಿ ಹೊಡದಿ?"

"ಅದು ತಾನ ಹುಟ್ಟೈತ್ರಿ. ಅದಕ್ಯಾಕ ಎಣ್ಣಿ?"

ನೊಣದಿಂದ ಬಂದ ರೋಗವಾಗಿದ್ದರೆ ಔಷಧ ಕಾಣದ ಗಿಡಕ್ಕೆ ಮೊದಲು ಬರಬೇಕಿತ್ತು. ಇಲ್ಲಿ ಉಲ್ಟಾ. ಪಕ್ಕದ ಭತ್ತದ ಗದ್ದೆಗೆ ಹೊಡೆದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದಿರಬಹುದೇ ಎಂದು ಸಾಲು ಹಿಡಿದು ನಡೆದು ನೋಡಿದೆ. ಗದ್ದೆಗೆ ಅಂಟಿದ ಸಾಲುಗಳೇ ಇದ್ದುದರಲ್ಲಿ ಚೆನ್ನಾಗಿದ್ದವು. ತೀರ ಹಾಳಾಗಿದ್ದು ಕಾಲುವೆ ಬದಿಯ ಸಾಲು. ಅಲ್ಲಿಂದ ಆಚೆಗೆ ಹೋದಂತೆ ತಿರುಚು ಕಡಿಮೆಯಾಗುತ್ತಿತ್ತು. ಬೆನ್ನಿಗೆ ಹಾಕಿ ಔಷಧ ಹೊಡೆಯುವ ಪಂಪು ಎಲ್ಲಿ ತುಂಬುತ್ತಿ, ಯಾವ ಸಾಲಿನಿಂದ ಹೊಡೆಯಲು ಸುರು ಮಾಡುತ್ತಿ ಎಂದು ಕೇಳಿದೆ. ಕಾಲುವೆಯ ಬಳಿ ತುಂಬಿ, ಆ ಬದಿಯಿಂದಲೇ ಎಂದಳು. ಅಂದರೆ ಮೊದಲ ಟ್ಯಾಂಕು ಬಿದ್ದ ಸಾಲುಗಳು ಹೆಚ್ಚು ಹಾಳು, ಕೊನೆಯ ಟ್ಯಾಂಕು ಬಿದ್ದವು ಕಡಿಮೆ. ದೋಷ ಪಂಪಿನೊಳಗೇ ಇರಬೇಕು ಎನಿಸಿತು.

"ಪಂಪು ಯಾರದು?"

"ಧಣಿ ಮನಿದ್ರಿ. ಕೇಳಿದಾಗೆಲ್ಲ ಕೊಡ್ತಾರ. ಒಂದ ದಿನಾನೂ ಇಲ್ಲ ಅಂದವರಲ್ಲ. ಮುಟುರು ಜಾಸ್ತಿ ಆದಾಗಿಂದ ವಾರಾ ವಾರಾ ತಂದು ಹೊಡ್ಯಾಕತ್ತೀನಿ."

ಪಂಪು ಅಲ್ಲೇ ಇತ್ತು. ಮುಚ್ಚಳ ತೆಗೆದೆ. ಮೂಗಿಗೆ ಘಾಟು ಹೊಡೆಯಿತು. ಭತ್ತದ ಗದ್ದೆಯಲ್ಲಿ ಅಗಲ ಎಲೆಯ ಕಸ ಸಾಯಿಸಲು ಹೊಡೆಯುವ ಕಳೆನಾಶಕದ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಅದು ಭತ್ತವನ್ನು ಮುಟ್ಟುವುದಿಲ್ಲ. ಆದರೆ ಟೊಮೆಟೊ, ಹತ್ತಿ, ಅಲಸಂದಿಗಳ ಎಲೆಯೂ ಅಗಲವೇ. ಟ್ಯಾಂಕಿನ ಗೋಡೆಗೆ, ರಬ್ಬರ್ ಪೈಪಿಗೆ ಅಂಟಿದ ತುಸು ಉಳಿಕೆ ಸಾಕು, ಗಿಡ ಹೀಗೆ ತಿರುಚಿಕೊಳ್ಳುತ್ತದೆ. ಇವಳು ಮುಟುರು ಎಂದು ಔಷಧ ಹೊಡೆಯುತ್ತಾಳೆ, ಔಷಧದ ಜೊತೆ ಉಳಿಕೆಯೂ ಬೀಳುತ್ತದೆ, ಗಿಡ ಇನ್ನಷ್ಟು ಮುದುಡುತ್ತದೆ, ಮತ್ತೆ ಪಂಪು ತರುತ್ತಾಳೆ. ಬೆವರು ಸುರಿಸಿ ತನ್ನ ಬೆಳೆಯನ್ನು ತಾನೇ ಸುಡುತ್ತಿದ್ದಳು. ನನಗೆ ಅಳು ಬರುವಷ್ಟು ಸಂಕಟವಾಯಿತು.

ಹೇಳಿದೆ. ಆದರೆ ಅವಳು ಮೊದಲು ಆಡಿದ ಮಾತು ಬೆಳೆಯದಲ್ಲ.

"ಧಣಿಗೆ ಹೇಳಬ್ಯಾಡ್ರಿ ಮೇಡಮ್ರೀ. ಪುಕ್ಕಟ ಕೊಟ್ಟವರಿಗೆ ನಿಮ್ಮ ಪಂಪಿನಾಗ ವಿಷ ಐತಿ ಅಂದಂಗ ಆಕ್ಕೈತಿ. ನಾ ಹೆಂಗ ಅವರ ಮುಖ ನೋಡ್ಲಿ?"

"ಹಂಗಾರ ಇನ್ನ ಮ್ಯಾಲ ಅವರ ಪಂಪು ತರಬ್ಯಾಡ."

"ತರದಿದ್ರ ಯಾಕ ತರವಲ್ಲಿ ಅಂತ ಕೇಳ್ತಾರ. ಸಿಟ್ಟಿಗೆ ಬಂದೀಯೇನು ಅಂತಾರ."

ಕಾಲುವೆ ಊರುಗಳಲ್ಲಿ ಈ ನಡವಳಿಕೆ ಹೀಗೇ ಇದೆ. ಪಂಪು ಕೇಳಿದರೆ ಇಲ್ಲವೆನ್ನುವುದು ಕುಡಿಯಲು ನೀರು ಇಲ್ಲವೆಂದಷ್ಟು ಕೆಟ್ಟದ್ದು. ಕೊಟ್ಟ ಪಂಪನ್ನು ಬೇಡವೆನ್ನುವುದು ಅದಕ್ಕಿಂತ ಕೆಟ್ಟದ್ದು. ಹೀಗಾಗಿ ಒಂದೇ ಪಂಪು ಬೆಳಿಗ್ಗೆ ಗದ್ದೆಯಲ್ಲಿ, ಮಧ್ಯಾಹ್ನ ಹತ್ತಿಯಲ್ಲಿ, ಸಂಜೆ ಟೊಮೆಟೊದಲ್ಲಿ.

ಸಿಂಧನೂರಿನ ಕಚೇರಿಗೆ ಬಂದು ನಮ್ಮ ಸಂಯೋಜಕರ ಮುಂದೆ ವಿಷಯ ಇಟ್ಟೆ. ಅವರು ಕೆಟ್ಟವರಲ್ಲ, ಅವರಿಗೆ ಮೇಲಿನವರ ಗಡಬಿಡಿ.

"ಕಾಲುವಿ ಭಾಗದಾಗ ವೈರಸ್ ಅಂತ ಬರದು ಮುಗಸ್ರಿ," ಎಂದರು. "ಅಲ್ಲಿ ತರಕಾರಿ ನಡ್ಯಂಗಿಲ್ಲ. ಇದ್ದಬದ್ದ ನೆರವು ಲಿಂಗಸುಗೂರು ಕಡಿಗೆ ಹಾಕೋಣ. ವಾಸನಿ ನೋಡಿ ವರದಿ ಬರ್ಯಾಕ ಬರ್ತದೇನ್ರಿ?"

ಸಿಟ್ಟು ಬಂದರೂ ಅವರ ಮಾತಿನಲ್ಲಿ ಹುರುಳಿತ್ತು. ನನ್ನ ಬಳಿ ಇದ್ದುದು ಅನುಮಾನ ಮಾತ್ರ. ಎರಡು ತಾಲ್ಲೂಕುಗಳ ವರದಿ ಅವರ ಕೈಗಿಟ್ಟು, ಕಾಲುವೆ ಭಾಗದ್ದನ್ನು ಸಾಬೀತು ಮಾಡಿಯೇ ಕೊಡುತ್ತೇನೆ ಎಂದೆ. ತಡವಾದರೆ ಮೇಲಿನವರಿಗೆ ಉತ್ತರ ನೀವೇ ಕೊಡಬೇಕು ಎಂದರು. ಕೊಡುತ್ತೇನೆ ಎಂದು ಎದ್ದು ಬಂದೆ.

ಅಕ್ಕ ಧಣಿ ಎನ್ನುವ ಹೊಲದ ಯಜಮಾನರು ಬಿಳಿ ಧೋತರದ, ಮಾತು ಮೆತ್ತಗಿನ ಹಿರಿಯರು. ಚಹಾ ಕುಡಿಸದೆ ಯಾರನ್ನೂ ಕಳಿಸುವವರಲ್ಲ. ಅವರ ಮುಂದೆ ಅಕ್ಕನ ಹೆಸರನ್ನು ಎತ್ತಲಿಲ್ಲ. "ಊರಾಗಿನ ಪಂಪೆಲ್ಲ ಪರೀಕ್ಷಾ ಮಾಡಬೇಕಂತ ಬಂದೀನ್ರಿ ಯಜಮಾನ್ರ. ದೊಡ್ಡವರ ಮನಿಯಿಂದ ಸುರು ಮಾಡೋಣಂತ," ಎಂದೆ. ಅವರಿಗೆ ಖುಷಿಯಾಯಿತು. ಇದು ತುಸು ಕಪಟವೇ, ಗೊತ್ತು. ಆದರೆ ಸುಳ್ಳಲ್ಲ, ಪರೀಕ್ಷೆ ಎಲ್ಲರ ಪಂಪಿಗೂ ಆಗಬೇಕಿತ್ತು.

ಪರೀಕ್ಷೆ ಸರಳ. ಕಾಗದದ ಲೋಟಗಳಲ್ಲಿ ಮಣ್ಣು ತುಂಬಿ ಅಲಸಂದಿ ಬಿತ್ತುವುದು. ಸಸಿ ಎರಡೆಲೆ ಬಿಟ್ಟಾಗ ಅರ್ಧದ ಮೇಲೆ ಪಂಪಿನಲ್ಲಿ ಅಲ್ಲಾಡಿಸಿದ ನೀರು, ಇನ್ನರ್ಧದ ಮೇಲೆ ಹೊಸ ಬಕೆಟ್ಟಿನ ನೀರು. ಪಂಪಿನಲ್ಲಿ ಕಳೆನಾಶಕ ಉಳಿದಿದ್ದರೆ ಅಲಸಂದಿ ಬೇಗ ತಿರುಚಿಕೊಂಡು ಹೇಳಿಬಿಡುತ್ತದೆ. ಬಿತ್ತನೆಯಿಂದ ಸಿಂಪಡಣೆಯವರೆಗೆ ಎಲ್ಲವನ್ನೂ ಯಜಮಾನರ ಕೈಯಿಂದಲೇ, ಅವರ ಅಂಗಳದಲ್ಲೇ ಮಾಡಿಸಿದೆ. ಆಮೇಲೆ ನಾನು ಕಪಟ ಮಾಡಿದೆ ಎಂದು ಯಾರೂ ಅನ್ನಬಾರದಲ್ಲ.

ಏನೂ ಆಗಲಿಲ್ಲ. ಎರಡೂ ಕಡೆಯ ಸಸಿಗಳು ನೆಟ್ಟಗೆ ನಿಂತು ನನ್ನನ್ನು ನೋಡಿದವು.

"ನಮ್ಮ ಪಂಪಿನ ನೀರು ಕುಡದು ಇನ್ನೂ ಹುರುಪಾಗ್ಯಾವಲ್ರೀ ಮೇಡಂ," ಎಂದು ಯಜಮಾನರು ನಕ್ಕರು. "ನಾವು ಪಂಪು ಕಾಲುವಿ ನೀರಾಗ ಚಂದಂಗ ಜಾಲಾಡಸ್ತೀವಿ. ನಮ್ಮ ಪಂಪು ಹೊಲಸಿರ್ತೈತೇನು?"

ನಾನೂ ನಗುವಂತೆ ಮಾಡಿ ಎದ್ದೆ. ಸ್ಕೂಟರು ಬಳಗಾನೂರಿನ ದಾರಿಗೆ ತಿರುಗುವವರೆಗೂ ಮುಖ ಬಿಸಿಯಾಗಿತ್ತು. ಅವಮಾನಕ್ಕಿಂತ ಹೆಚ್ಚಾಗಿ ಭಯ. ನಾನು ಕೀಳಬೇಡ ಎಂದು ತಡೆದ ಗಿಡಗಳು ಅಲ್ಲಿ ಹಾಗೇ ನಿಂತಿವೆ. ನನ್ನ ಲೆಕ್ಕ ತಪ್ಪಾದರೆ ಅವಳ ಪಟ್ಟಿಯೂ ಹೋಯಿತು, ಬೇರೆ ಬೆಳೆ ಹಾಕುವ ಸಮಯವೂ ಹೋಯಿತು.

ಮನೆಗೆ ಬಂದು ಊಟದ ಪಾತ್ರೆ ತಿಕ್ಕುವಾಗ ಹೊಳೆಯಿತು. ತುಪ್ಪದ ಪಾತ್ರೆಗೆ ಬರೀ ನೀರು ಹಾಕಿ ಅಲ್ಲಾಡಿಸಿದರೆ ತುಪ್ಪ ಬಿಡುತ್ತದೆಯೇ? ಆ ಕಳೆನಾಶಕದಲ್ಲಿ ಜಿಡ್ಡಿನ ಜಾತಿಯದೂ ಇದೆ, ಅದು ನೀರಿಗೆ ಜಗ್ಗುವುದಿಲ್ಲ. ಅಕ್ಕ ಪಂಪಿಗೆ ತುಂಬುತ್ತಿದ್ದುದು ಬರೀ ನೀರಲ್ಲ, ನೀರಿನಲ್ಲಿ ಹಾಲಿನಂತೆ ಕದಡುವ ಕೀಟನಾಶಕ. ಅದರೊಳಗಿನ ಸಾಬೂನಿನಂಥ ವಸ್ತು ಗೋಡೆಗೆ ಅಂಟಿದ ಉಳಿಕೆಯನ್ನು ಬಿಡಿಸಿ ತರುತ್ತದೆ. ನಾನು ನೀರಿನಿಂದ ಪರೀಕ್ಷೆ ಮಾಡಿದ್ದೆ, ಅವಳ ಗಿಡಕ್ಕೆ ಬಿದ್ದದ್ದು ಬೇರೆ.

ಮರುದಿನ ಮತ್ತೆ ಯಜಮಾನರ ಅಂಗಳಕ್ಕೆ ಹೋದೆ. "ಇನ್ನೂ ಸಂಶಯ ಹೋಗಿಲ್ಲೇನ್ರಿ?" ಎಂದರು. ಇನ್ನೊಂದೇ ಸಲ ಎಂದು ಅಂಗಲಾಚಿದೆ. ಹೊಸದಾಗಿ ಅಲಸಂದಿ ಬಿತ್ತಿದೆವು. ಸಸಿ ಬಂದ ಮೇಲೆ, ಅಕ್ಕ ಬಳಸುವ ಕೀಟನಾಶಕವನ್ನೇ ಅದೇ ಹದಕ್ಕೆ ಬೆರೆಸಿ ಒಂದು ಪಾಲು ಪಂಪಿಗೆ, ಒಂದು ಪಾಲು ಬಕೆಟ್ಟಿಗೆ. ಸಂಜೆ ತುಂಬಿ ಬೆಳಗಿನವರೆಗೆ ಬಿಟ್ಟೆವು. ಬೆಳಿಗ್ಗೆ ಕೈಗವಸು, ಮೂಗಿಗೆ ಬಟ್ಟೆ ಕಟ್ಟಿಸಿ, ಪಂಪಿನದನ್ನು ಯಜಮಾನರೇ ಹೊಡೆದರು. ಬಕೆಟ್ಟಿನದನ್ನು ನಾನು ಬೇವಿನ ಟೊಂಗೆಯಿಂದ ಚಿಮುಕಿಸಿದೆ. ಎರಡು ಗುಂಪುಗಳನ್ನೂ ದೂರ ದೂರ ಇಟ್ಟೆವು. ಈ ಸಲ ಅಕ್ಕನೂ ಬಾಗಿಲ ಬದಿಯಲ್ಲಿ ಬಂದು ನಿಂತಿದ್ದಳು.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಯಜಮಾನರು ಲೋಟಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಕೆಟ್ಟಿನ ಮಿಶ್ರಣ ಬಿದ್ದ ಸಸಿಗಳು ನೆಟ್ಟಗಿದ್ದವು. ಪಂಪಿನ ಮಿಶ್ರಣ ಬಿದ್ದವು ಕುತ್ತಿಗೆ ತಿರುಚಿ, ಎಲೆ ಮಡಚಿ, ನೆಲಕ್ಕೆ ಬಾಗಿದ್ದವು. ಯಜಮಾನರು ಒಂದು ಸಸಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದರು. ಬಿಟ್ಟ ಕೂಡಲೇ ಅದು ಮತ್ತೆ ಬಾಗಿತು.

ಆಮೇಲೆ, ಅಂದೂ ಬಂದು ಬಾಗಿಲ ಬದಿಯಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದರು. "ಹ್ವಾದ ವರ್ಷನೂ ಇದ ಆಗಿತ್ತೇನವಾ?"

ಅಕ್ಕ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು.

"ಕೊಟ್ಟಾಂವಾ ನಾನ. ಬೆಳಿ ಬರಲಿಲ್ಲ, ಪಟ್ಟಿ ಬಿಡು ಅಂದಾಂವಾನೂ ನಾನ," ಎಂದರು. ನಂತರ ಅವರು ಎದ್ದು ಧೋತರ ಕೊಡವಿಕೊಂಡರು. "ಗಿಡ ಸುದ್ದ ಆಗ್ತಾವೇನು ನೋಡೋಣು. ನೀರು ಬಿಡೋತನಾ ಟೈಮ್ ಐತಿ."

ಅವರು ಪಟ್ಟಿಯನ್ನು ಅವಳಿಗೇ ಬಿಟ್ಟೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ, ಗಿಡ ನೆಟ್ಟಗಾಗದಿದ್ದರೆ ಕೇಳುವ ಬಾಯಿ ನನಗೂ ಇರುತ್ತಿರಲಿಲ್ಲ. ಕಾಲುವೆ ಬದಿಯ ಸಾಲುಗಳನ್ನು ಕಿತ್ತು ಹಾಕಿಸಿದೆ, ಅವು ಉಳಿಯುವಂತಿರಲಿಲ್ಲ. ಉಳಿದವಕ್ಕೆ ಯಾವ ಔಷಧವನ್ನೂ ಹೊಡೆಯಬಾರದು, ತಿರುಚಿದ ಕುಡಿ ಚಿವುಟಬೇಕು, ಹದವಾಗಿ ನೀರು ಕೊಡಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಅಕ್ಕನಿಗೆ ಸುಮ್ಮನೆ ಕೂರುವುದೇ ಕಷ್ಟ. "ಒಂದ ಸಲ ಏನಾರ ಹೊಡೀಲೇನ್ರಿ? ಕೈ ತಡೀವಲ್ದು," ಎಂದು ಫೋನು ಮಾಡುತ್ತಿದ್ದಳು. ಹೊಡೆದರೆ ನಿನ್ನ ಗುಡಿಸಲಿಗೆ ಬಂದು ಜಗಳ ತೆಗೆಯುತ್ತೇನೆ ಎಂದು ಹೆದರಿಸುತ್ತಿದ್ದೆ.

ಕಾಯುವ ಆ ದಿನಗಳಲ್ಲಿ ಊರಿನ ಉಳಿದ ಪಂಪುಗಳ ಪರೀಕ್ಷೆಯನ್ನೂ ಮುಗಿಸಿದೆ. ಗದ್ದೆಗೆ ಇಳಿದ ಪಂಪುಗಳಲ್ಲಿ ಹೆಚ್ಚಿನವು ಅಲಸಂದಿಯ ಕುತ್ತಿಗೆ ತಿರುಚಿದವು. ಬಟ್ಟೆ ಸೋಡಾ ಕಲಸಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು ತೊಳೆದರೆ ವಾಸನೆ ತಗ್ಗುತ್ತಿತ್ತು. ಆದರೆ ಹಳೆಯ ರಬ್ಬರ್ ಪೈಪನ್ನು ನಾನು ನಂಬಲಿಲ್ಲ. ಬಾಗಿದ ಸಸಿಗಳ ಲೋಟಗಳನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋಗಿ ಸಂಯೋಜಕರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕಾಲುವೆ ಭಾಗದ ತರಕಾರಿಗೆ ಮೊದಲು ಬೇಕಾದದ್ದು ಔಷಧವಲ್ಲ, ತರಕಾರಿಗೆಂದೇ ಬೇರೆ ಪಂಪು ಎಂದು ವರದಿಯಲ್ಲಿ ಬರೆದಿದ್ದೆ.

"ರೋಗದ ಔಷಧ ಕೇಳಿ ಬಾ ಅಂದ್ರ ಪಂಪು ಕೇಳಾಕತ್ತೀರಲ್ರೀ," ಎಂದು ಅವರು ತಲೆ ಕೆರೆದುಕೊಂಡರು. ಆದರೆ ಒಂದು ಸಸಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಮೇಲಿನವರಿಗೆ ಉತ್ತರವನ್ನು ಅವರೇ ಬರೆದರು.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. "ಹೊಸಾ ಎಲಿ ಬಂದಾವ ಮೇಡಮ್ರೀ. ಅಗಲ ಅದಾವ." ಅಷ್ಟೇ ಹೇಳಿ ಇಟ್ಟುಬಿಟ್ಟಳು. ನಾನು ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಕೈಯಿಂದ ಒತ್ತುವ ಬೆನ್ನಿನ ಪಂಪು ಮಂಜೂರಾಗಿ ಬಂತು. ಊರಿನ ತರಕಾರಿ ಬೆಳೆಯುವ ಹೆಂಗಸರಿಗೆಲ್ಲ ಸೇರಿದ್ದು, ಇರುವುದು ಅಕ್ಕನ ಗುಡಿಸಲಲ್ಲಿ. ಅವಳು ಅದರ ಹಿಡಿಕೆಗೆ ಕೆಂಪು ಅರಿವೆ ಕಟ್ಟಿದ್ದಳು. ಟೊಮೆಟೊದ ಮೊದಲ ಬಿಡಿಸುವಿಕೆ ನಡೆದಿದ್ದಾಗ ನಾನು ಹೊಲಕ್ಕೆ ಹೋಗಿ ಬುಟ್ಟಿಯ ಬಳಿ ಕೂತಿದ್ದೆ. ಯಜಮಾನರು ಬದುವಿನ ಮೇಲೆ ನಡೆದು ಬಂದರು. ಎರಡನೇ ಬೆಳೆಗೆ ಇಷ್ಟರಲ್ಲೇ ನೀರು ಬಿಡುತ್ತಾರೆ ಎಂಬ ಸುದ್ದಿ ಊರೆಲ್ಲ ಇತ್ತು. ಪಟ್ಟಿಯ ವಿಷಯ ಅವರು ಇನ್ನೂ ಬಾಯಿಬಿಟ್ಟಿರಲಿಲ್ಲ.

"ನಮ್ಮ ಪಂಪು ರಿಪೇರಿಗೆ ಹೋಗೇತವಾ. ನೆಲ್ಲಿಗೆ ಜಿಗಿ ಹುಳ ಬಿದ್ದೈತಿ. ಜರಾ ನಿನ್ನ ಪಂಪು ಕೊಡು," ಎಂದರು. "ಕಸದ ಎಣ್ಣಿ ಅಲ್ಲ ಮತ್ತ, ಹುಳದ್ದು."

ನ್ಯಾಯವಾದ ಕೇಳಿಕೆ. ಕೇಳಿದವರು ಹೊಲದ ಒಡೆಯರು. ಎಷ್ಟೋ ಸಲ ತಮ್ಮ ಪಂಪನ್ನು ಪುಕ್ಕಟೆ ಕೊಟ್ಟವರು. ನಾನು ಬಾಯಿ ತೆರೆಯಲಿದ್ದೆ, ಅಷ್ಟರಲ್ಲಿ ಅಕ್ಕ ಎದ್ದು ನಿಂತಳು. ಸೆರಗಿನಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಸುರಿದಳು.

"ಕೊಡಂಗಿಲ್ರಿ ಧಣೇರ."

ಯಜಮಾನರು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು.

"ಯಾರು ಕೇಳಿದ್ರೂ ಕೊಡಂಗಿಲ್ರಿ. ಈ ಪಂಪು ನೆಲ್ಲಿನ ಗದ್ದಿಗೆ ಇಳ್ಯಂಗಿಲ್ಲ."

"ನಮ್ಮ ಮನ್ಯಾಗ ಇವತ್ತಿನತನಾ ಯಾರಿಗೂ ಪಂಪು ಇಲ್ಲ ಅಂದಿಲ್ಲವಾ," ಎಂದರು ಅವರು, ಮೆಲ್ಲಗೆ.

"ಹೌದ್ರಿ. ಅದಕ ನಾ ಇಲ್ಲ ಅನ್ನಾಕತ್ತೀನ್ರಿ."

ಯಜಮಾನರು ಕೆಂಪು ಅರಿವೆ ಕಟ್ಟಿದ ಪಂಪನ್ನು ನೋಡಿದರು, ಗಿಡಗಳನ್ನು ನೋಡಿದರು. ಬುಟ್ಟಿಯಿಂದ ಒಂದು ಟೊಮೆಟೊ ಎತ್ತಿ ಟವೆಲಿನಿಂದ ಒರೆಸಿಕೊಂಡರು. ಬಂದ ದಾರಿಯಲ್ಲೇ ಒಂದಿಷ್ಟು ದೂರ ಹೋಗಿ, ತಿರುಗಿ ನಿಂತರು.

"ನೀರು ಬಿಟ್ಟ ಮ್ಯಾಲ ನಮ್ಮ ಗದ್ದಿ ನೀರು ನಿನ್ನ ಪಟ್ಟಿಗೆ ನುಗ್ಗಬಾರ್ದು. ನಡುವ ಬದು ಎತ್ತರಿಸ್ಕೋ," ಎಂದು ಕೂಗಿ ಹೇಳಿದರು.

ಅಕ್ಕ "ಹೂಂನ್ರಿ" ಎಂದಳು. ಮತ್ತೆ ಬಿಡಿಸಲು ಕೂತಾಗ ಹಣ್ಣಿನ ಜೊತೆ ಹಸಿ ಕಾಯಿಯನ್ನೂ ಕಿತ್ತು ಬುಟ್ಟಿಗೆ ಹಾಕಿದಳು. ನಾನು ಕಾಣದವಳಂತೆ ಪಕ್ಕದ ಸಾಲಿನಲ್ಲಿ ಕೂತು ಬಿಡಿಸತೊಡಗಿದೆ.